ಕೆಂಟೆ ನೇಕಾರರಿಗೆ ಬೆಂಗಳೂರಿನ ಡಿಸೈನರ್‌ಗಳಿಂದ ಆರ್ಡರ್ ಕೊಡಿಸುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ (ಅಕ್ರಾದಿಂದ ಒಬ್ಬ ಸದಸ್ಯೆ): ನಮಸ್ಕಾರ ಮೇಡಂ. ನಾನು ಹಾಸನದ ಕಡೆಯವಳು. ಯಜಮಾನರ ಕೆಲಸದಿಂದಾಗಿ ಘಾನಾದ ಅಕ್ರಾದಲ್ಲಿದ್ದೇನೆ. ಕುಮಾಸಿ ಹತ್ತಿರದ ಬೊನ್‌ವಿರೆಗೆ ಹೋಗಿ ಕೆಂಟೆ, ಅಂದರೆ ಇಲ್ಲಿನ ಬಣ್ಣಬಣ್ಣದ ಕೈಮಗ್ಗದ ಬಟ್ಟೆ, ನೇಯುವುದನ್ನು ನೋಡಿದೆ. ಬೆಂಗಳೂರಿನಲ್ಲಿ ನನ್ನ ಇಬ್ಬರು ಗೆಳತಿಯರು ಡಿಸೈನರ್‌ಗಳು. ಫೋಟೊ ನೋಡಿ ಜಾಕೆಟ್, ಕುರ್ತಾ ಮಾಡುತ್ತೇವೆ, 40 ಮೀಟರ್ ಕಳಿಸು ಅಂದರು. ನೇಕಾರರನ್ನು ಕೇಳಿದರೆ ಮೀಟರ್ ಲೆಕ್ಕವೇ ಇಲ್ಲ, ಪಟ್ಟಿ ಎಷ್ಟು ಅನ್ನುತ್ತಾರೆ. ಮೊದಲೇ ದುಡ್ಡು ಕೊಡಬೇಕಂತೆ. ಗೆಳತಿಯರು ಮಾಲು ಬಂದ ಮೇಲೆ ಕೊಡುತ್ತೇವೆ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ಕೈಮಗ್ಗದ ಬಟ್ಟೆ ಖರೀದಿ ಮಾಡುವುದೇ ನನ್ನ ಕೆಲಸ. ಇಂಥ ಆರ್ಡರ್‌ಗಳು ಎಲ್ಲಿ ನಿಲ್ಲುತ್ತವೆ ಅಂತ ನೋಡುತ್ತಲೇ ಬಂದಿದ್ದೇನೆ. ನೇಕಾರರ ಕೈಚಳಕ ಕಡಿಮೆಯಾಗಿ ನಿಂತದ್ದು ನನಗೆ ಗೊತ್ತಿಲ್ಲ. ನೂಲಿನ ದುಡ್ಡು ಯಾರು ಹಾಕಬೇಕು ಅನ್ನುವಲ್ಲಿ ನಿಲ್ಲುತ್ತವೆ. ಇಲ್ಲವೇ ಮಗ್ಗದ ಅಗಲ ಗೊತ್ತಿಲ್ಲದೆ ಡಿಸೈನ್ ಮಾಡಿದ ಕಡೆ ನಿಲ್ಲುತ್ತವೆ. ನಿಮ್ಮ ಪ್ರಶ್ನೆಯಲ್ಲಿ ಎರಡೂ ಇವೆ.

ಅಗಲದ ಮಾತು ಮೊದಲು. ಕೆಂಟೆ ಮಗ್ಗದಲ್ಲಿ ಬರುವುದು ಹತ್ತಿರ ಹತ್ತಿರ 4 ಇಂಚಿನ ಪಟ್ಟಿ. ಹಾಸಿನ ನೂಲನ್ನು, ಅಂದರೆ ಉದ್ದಕ್ಕೆ ಹೋಗುವ ನೂಲನ್ನು, ಮುಂದೆ ಬಹಳ ದೂರ ಎಳೆದು, ಅದರ ತುದಿಗೆ ಭಾರ ಕಟ್ಟಿರುತ್ತಾರೆ. ನೇಯ್ದ ಹಾಗೆ ಆ ಭಾರ ನೇಕಾರನ ಕಡೆಗೆ ಸರಿಯುತ್ತಾ ಬರುತ್ತದೆ, ನೀವು ನೋಡಿರುತ್ತೀರಿ. ಹೀಗೆ ನೇಯ್ದ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಹೊಲಿದರೆ ದೊಡ್ಡ ಬಟ್ಟೆ. ಗಂಡಸರು ಮೈಗೆ ಸುತ್ತಿಕೊಳ್ಳುವ ಬಟ್ಟೆಗೆ ಸುಮಾರು 24 ಪಟ್ಟಿ ಬೇಕು. ಹಾಗಾಗಿ ಅವರು ಪಟ್ಟಿ ಲೆಕ್ಕ ಹೇಳುವುದೇ ಸರಿ. ಗೆಳತಿಯರಿಗೆ 40 ಮೀಟರ್ ಅಂದರೆ 44 ಇಂಚು ಅಗಲದ ಥಾನು. ಅಷ್ಟಕ್ಕೆ 11 ಪಟ್ಟಿ ಜೋಡಿಸಬೇಕು, ಅಂದರೆ 440 ಮೀಟರ್ ಪಟ್ಟಿ ನೇಯಬೇಕು! ಈ ಲೆಕ್ಕವನ್ನು ಅವರಿಗೆ ಇವತ್ತೇ ಹೇಳಿ.

ಪಟ್ಟಿಗಳನ್ನು ಜೋಡಿಸಿದಾಗ ವಿನ್ಯಾಸದ ಚೌಕಗಳು ಸಾಲಾಗಿ ಕೂರಬೇಕು. ಒಬ್ಬ ನೇಕಾರ ಹೊಕ್ಕನ್ನು (ಅಡ್ಡ ನೂಲನ್ನು) ಬಿಗಿಯಾಗಿ ಬಡಿಯುತ್ತಾನೆ, ಇನ್ನೊಬ್ಬ ಸ್ವಲ್ಪ ಸಡಿಲ. ಉದ್ದ ಹೋದ ಹಾಗೆ ಚೌಕ ಜಾರುತ್ತದೆ. ಅದಕ್ಕೇ ಒಂದು ಬಟ್ಟೆಯ ಎಲ್ಲಾ ಪಟ್ಟಿ ಒಬ್ಬನೇ ನೇಯಲಿ. ಬೇಗ ಆಗಲಿ ಅಂತ ನಾಲ್ಕು ಜನರಿಗೆ ಹಂಚಬೇಡಿ.

ಸೆನೆಗಲ್‌ನ ಡಕಾರ್‌ನಲ್ಲಿ ಐಸ್ಸಾ ದಿಯೋನ್ ಅನ್ನುವ ಡಿಸೈನರ್ ಬೇರೆ ದಾರಿ ಹಿಡಿದರು. ಅಲ್ಲಿನ ಮಂಜಾಕ್ ಸಮುದಾಯದ ನೇಕಾರರದ್ದೂ ಕಿರಿದಾದ ಪಟ್ಟಿಯೇ. ಅವರ ಜೊತೆ ಕೂತು ಮಗ್ಗವನ್ನೇ ಅಗಲ ಮಾಡಿಸಿ, ಸೋಫಾ ಮತ್ತು ಪರದೆಯ ಬಟ್ಟೆ ನೇಯಿಸಿ ಪ್ಯಾರಿಸ್‌ನ ದೊಡ್ಡ ದೊಡ್ಡ ಒಳಾಂಗಣ ವಿನ್ಯಾಸಕಾರರಿಗೆ ಮಾರಿದರು. ಬಹಳ ಒಳ್ಳೆಯ ಕೆಲಸ. ಆದರೆ ಅದಕ್ಕೆ ಸ್ವಂತ ಕಾರ್ಖಾನೆ, ವರ್ಷಗಟ್ಟಲೆ ತಾಳ್ಮೆ ಬೇಕು. ನೈಜೀರಿಯಾದ ಡಿಸೈನರ್ ಕೆನೆತ್ ಇಝೆ ಪಟ್ಟಿಯನ್ನು ಹಾಗೇ ಇಟ್ಟುಕೊಂಡರು. ಯೊರುಬಾ ಜನರ ಅಸೊ ಓಕೆ ಬಟ್ಟೆಯ ಉದ್ದ ಗೆರೆಗಳನ್ನೇ ಕೋಟು, ಪ್ಯಾಂಟಿನ ವಿನ್ಯಾಸ ಮಾಡಿಕೊಂಡರು. 2019ರಲ್ಲಿ ಫ್ರಾನ್ಸ್‌ನ ಫ್ಯಾಷನ್ ಕಂಪನಿ ಎಲ್‌ವಿಎಂಎಚ್ ಹೊಸ ಡಿಸೈನರ್‌ಗಳಿಗೆ ಕೊಡುವ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದರು, 2020ರಲ್ಲಿ ಪ್ಯಾರಿಸ್‌ನಲ್ಲಿ ಶೋ ಮಾಡಿದರು. ನಿಮ್ಮ ಗೆಳತಿಯರಿಗೆ ಈ ದಾರಿ ಹತ್ತಿರ. ಅಮೆರಿಕದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಪದವಿ ಪಡೆಯುವ ದಿನ ಕೆಂಟೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ. ಕೈಮಗ್ಗದ್ದಾದರೆ ಅದು ಮಗ್ಗದಿಂದ ಬಂದ ಅಗಲದಲ್ಲೇ ಇರುತ್ತದೆ, ಕತ್ತರಿಯೇ ಬೇಡ! ಜಾಕೆಟ್‌ಗೆ ಮುಂಚೆ ಕಾಲರ್, ಬೆಲ್ಟ್, ಚೀಲದ ಹಿಡಿ, ಕುರ್ತಾದ ಎದೆಪಟ್ಟಿ ಮಾಡಿ ನೋಡಲಿ.

ಇನ್ನು ದುಡ್ಡು. ನೂಲನ್ನು ನೇಕಾರ ಅಂಗಡಿಯಿಂದ ಕೊಳ್ಳಬೇಕು, ರೇಯಾನ್ ಆಗಲಿ ಹತ್ತಿ ಆಗಲಿ. ಮಾಲು ಬಂದ ಮೇಲೆ ದುಡ್ಡು ಅಂದರೆ ಡಿಸೈನರ್‌ನ ವ್ಯಾಪಾರಕ್ಕೆ ನೇಕಾರ ಸಾಲ ಕೊಟ್ಟ ಹಾಗೆ ಆಯ್ತು, ಅಲ್ವಾ? ಅವನ ಮನೆ ಬಾಗಿಲಲ್ಲಿ ಊರಿನ ಗಿರಾಕಿ ನಿಂತಿರುತ್ತಾರೆ. ಘಾನಾದಲ್ಲಿ ಮದುವೆ ಅಂದರೆ ಕೆಂಟೆ ಬೇಕು, ಅವರು ಕೈಯಲ್ಲೇ ದುಡ್ಡು ಕೊಡುತ್ತಾರೆ. ನಿಮ್ಮ ಆರ್ಡರ್ ಹಿಂದೆ ಬಿದ್ದರೆ ತಪ್ಪು ಅವನದ್ದಲ್ಲ. ನೂಲಿನ ಪೂರ್ತಿ ದುಡ್ಡು ಮತ್ತು ಕೂಲಿಯ ಒಂದು ಭಾಗ ಮುಂಗಡ ಕೊಡಿ. ಗೆಳತಿಯರು ಒಪ್ಪದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಇದನ್ನು ಖಂಡಿತವಾಗಿ ಹೇಳುತ್ತಿದ್ದೇನೆ.

ಇಡೀ ಆರ್ಡರ್‌ಗೆ ಬೇಕಾದ ನೂಲನ್ನು ಒಂದೇ ಸಲ ಕೊಳ್ಳಿ. ಎರಡನೇ ಸಲ ಹೋದರೆ ಅದೇ ಕೆಂಪು ಸಿಗುವುದಿಲ್ಲ. ಒಂದು ಗೇಣು ನೇಯಿಸಿ, ಬಿಳಿ ಬಟ್ಟೆ ಜೊತೆ ನೆನೆಸಿ ಬಣ್ಣ ಬಿಡುತ್ತದಾ ನೋಡಿ.

ಪ್ರಶ್ನೆ (ಬೆಂಗಳೂರಿನ ಒಬ್ಬ ಡಿಸೈನರ್): ಅಕ್ಕಾ, ಇದೇ ವಿನ್ಯಾಸವನ್ನು ಇಲ್ಲೇ ಪ್ರಿಂಟ್ ಹಾಕಿಸಿದರೆ ಏನು ತೊಂದರೆ? ಚೀನಾದವರು ಮಾಡುತ್ತಾರಲ್ಲ.

ಉತ್ತರ: ಮಾಡುತ್ತಾರೆ. ಅದರಿಂದಲೇ ನೇಕಾರರ ಹೊಟ್ಟೆಗೆ ಪೆಟ್ಟು ಬಿದ್ದಿದೆ. ಘಾನಾದ 2005ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕೆಂಟೆ ವಿನ್ಯಾಸವೂ ಸೇರಿದ ಜಾನಪದದ ಹಕ್ಕು ಜನರ ಪರವಾಗಿ ಅಲ್ಲಿನ ರಾಷ್ಟ್ರಪತಿಗಳ ಹೆಸರಿನಲ್ಲಿದೆ. ವ್ಯಾಪಾರಕ್ಕೆ ಬಳಸುವವರು ಜಾನಪದ ಮಂಡಳಿಯ ಅನುಮತಿ ಕೇಳಬೇಕು. 2024ರ ಡಿಸೆಂಬರಿನಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಕೆಂಟೆ ಕಲೆ ಸೇರಿತು. ಅದು ಗೌರವ. ಆದರೆ ಪ್ರಿಂಟ್ ಹಾಕುವವನ ಕೈಯನ್ನು ಅದು ಹಿಡಿಯುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಮನ್ನು ಯಾರೂ ಹಿಡಿಯದೇ ಇರಬಹುದು. ಆದರೂ ಮಾಡಬೇಡಿ ತಮ್ಮಾ. ನಮ್ಮ ಇಳಕಲ್ ಸೀರೆಯ ಸೆರಗನ್ನು ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಹಾಕಿ ಮಾರಿದರೆ ನಮಗೆ ಹೇಗೆ ಅನ್ನಿಸುತ್ತದೆ? ವಿನ್ಯಾಸ ಹಿಡಿಸಿದ್ದರೆ ನೇಯ್ದವನಿಗೆ ದುಡ್ಡು ಕೊಟ್ಟು ಕೊಳ್ಳಿ. ಲೇಬಲ್ ಮೇಲೆ ಅವನು ಒಪ್ಪಿದರೆ ಅವನ ಹೆಸರು, ಊರು ಹಾಕಿ.

ಪ್ರಶ್ನೆ (ಇನ್ನೊಬ್ಬ ಸದಸ್ಯ): ನಡುವೆ ದಲ್ಲಾಳಿ ಇಲ್ಲದಿದ್ದರೆ ನೇಕಾರನಿಗೆ ಜಾಸ್ತಿ ಸಿಗುವುದಿಲ್ಲವೇ?

ಉತ್ತರ: ಎಲ್ಲರೂ ಹೀಗೇ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ನೂಲು ತರಲು, ಅಳತೆ ನೋಡಲು, ತಪ್ಪಿದ್ದನ್ನು ತಿರುಗಿ ನೇಯಿಸಲು ಯಾರಾದರೂ ಬೇಕೇ ಬೇಕು. ವಿಶ್ವಸಂಸ್ಥೆಗೆ ಸೇರಿದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್‌ನವರು 2009ರಲ್ಲಿ ಶುರು ಮಾಡಿದ ಎಥಿಕಲ್ ಫ್ಯಾಷನ್ ಇನಿಶಿಯೇಟಿವ್ ಇದೇ ನಡುವಿನ ಕೆಲಸ ಮಾಡುತ್ತದೆ. ಬುರ್ಕಿನಾ ಫಾಸೊದ ನೇಕಾರರ ಬಟ್ಟೆ ಇಟಲಿಯ ಡಿಸೈನರ್ ಸ್ಟೆಲ್ಲಾ ಜೀನ್ ಕೈಗೆ ಹೋದದ್ದು ಆ ದಾರಿಯಲ್ಲೇ. ನಡುವಿನವರು ಎಷ್ಟು ಇಟ್ಟುಕೊಳ್ಳುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರಬೇಕು, ಅಷ್ಟೇ. ಅದೇ ಬುರ್ಕಿನಾದಲ್ಲಿ 1980ರ ದಶಕದಲ್ಲಿ ರಾಷ್ಟ್ರಪತಿಯಾಗಿದ್ದ ತೋಮಾಸ್ ಸಂಕಾರಾ ಸರ್ಕಾರಿ ನೌಕರರು ಫಾಸೊ ದಾನ್ ಫಾನಿ ಅನ್ನುವ ಊರಿನ ಕೈಮಗ್ಗದ ಬಟ್ಟೆಯನ್ನೇ ಉಡಬೇಕು ಅಂದರು. ಪ್ಯಾರಿಸ್ ಬೇಕು, ನಿಜ. ಆದರೆ ಊರಿನ ಗಿರಾಕಿ ಇದ್ದರೆ ಮಗ್ಗ ವರ್ಷವಿಡೀ ಆಡುತ್ತದೆ. ಹೊರಗಿನ ಆರ್ಡರ್‌ಗಾಗಿ ಊರಿನ ಗಿರಾಕಿಯನ್ನು ಬಿಡಿ ಅಂತ ಯಾವ ನೇಕಾರನಿಗೂ ಹೇಳಬೇಡಿ.

ಪ್ರಶ್ನೆ (ಅಕ್ರಾದ ಸದಸ್ಯೆ): ತುಂಬಾ ಥ್ಯಾಂಕ್ಸ್ ಮೇಡಂ. ಗೆಳತಿಯರು ಮುಂಗಡಕ್ಕೆ ಒಪ್ಪಿದರು! ಮೊದಲ ಸಲ ಯಾವ ವಿನ್ಯಾಸ ಕೇಳಲಿ? ಅದ್ವೆನೆಸಾ ಅನ್ನುವ ವಿನ್ಯಾಸ ಅವರಿಗೆ ಬಹಳ ಇಷ್ಟವಾಗಿದೆ.

ಉತ್ತರ: ಸಂತೋಷ! ಅದ್ವೆನೆಸಾದಲ್ಲಿ ಒಂದಿಂಚೂ ಖಾಲಿ ಬಿಡದೆ ಹೊಕ್ಕಿನ ಚಿತ್ರ ತುಂಬಿರುತ್ತದೆ. ನಿಧಾನದ ಕೆಲಸ, ಬೆಲೆಯೂ ಜಾಸ್ತಿ. ಅದನ್ನು ಕತ್ತರಿಸಿ ಜಾಕೆಟ್ ಮಾಡುವುದು ನನಗೆ ಮನಸ್ಸಿಗೆ ಬರುವುದಿಲ್ಲ. ಮೊದಲು ಬರೀ ಹಾಸಿನ ಗೆರೆಗಳಿರುವ ಅಹ್ವೆಪಾನ್ ಕೇಳಿ. ಬೇಗ ಆಗುತ್ತದೆ, ಹೊಲಿಯಲೂ ಸುಲಭ. ಹತ್ತಿಯಲ್ಲೇ ಬೇಕು ಅಂದರೆ ಬೊನ್‌ವಿರೆಗಿಂತ ಟೋಗೊ ಗಡಿ ಕಡೆಯ ಅಗ್ಬೊಜುಮೆ ನೋಡಿ. ಅಲ್ಲಿ ಎವೆ ಜನರ ಕೆಂಟೆ ಸಂತೆಗೆ ಬರುತ್ತದೆ. ಬಣ್ಣ ಆರಿಸುವಾಗ ಫೋನಿನ ಫೋಟೊ ನಂಬಬೇಡಿ. ಗೆಳತಿಯರಿಂದ ನೂಲಿನ ತುಂಡುಗಳನ್ನು ಕೊರಿಯರ್‌ನಲ್ಲಿ ತರಿಸಿಕೊಂಡು ಕೈಯಲ್ಲಿ ಹಿಡಿದುಕೊಂಡೇ ಹೋಗಿ.