ಪುಟ್ಟಿ, ನಿನ್ನ ಭಾನುವಾರದ ಪ್ರಶ್ನೆಗೆ

ಪುಟ್ಟಿ, ನಮ್ಮ ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ಬೆಳಿಗ್ಗೆನೇ ನೋಡಿದೆ. ಅಡುಗೆ ಮುಗಿಸಿ, ನಿಮ್ಮ ದೊಡ್ಡಪ್ಪನಿಗೆ ಊಟ ಬಡಿಸಿ ಈಗ ಕೂತಿದ್ದೇನೆ. ಟೈಪ್ ಮಾಡುತ್ತಾ ಕೂತರೆ ಸಂಜೆ ಆಗಿಬಿಡುತ್ತದೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಬಸ್ಸಿನಲ್ಲಿ ಕೂತಾಗ ನಿಧಾನವಾಗಿ ಕೇಳು.

ನೀನು ಕೇಳಿದ್ದು ಇಷ್ಟು ಅಲ್ವಾ? ವಾರಕ್ಕೆ ಒಂದು ದಿನ ಯಾರಿಗಾದರೂ ಉಪಯೋಗ ಆಗುವ ಕೆಲಸ ಮಾಡಬೇಕು, ಬರೀ ದುಡ್ಡು ಹಾಕಿ ಸುಮ್ಮನಾಗುವುದು ಬೇಡ, ಆದರೆ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಗೊತ್ತಾಗುತ್ತಿಲ್ಲ ಅಂತ. ಅದಕ್ಕೆ ನಿನ್ನ ಚಿಕ್ಕಪ್ಪ, 'ಮೊದಲು ಕೆಲಸದಲ್ಲಿ ನೆಲೆ ನಿಲ್ಲು, ಸೇವೆ ಎಲ್ಲ ರಿಟೈರ್ ಆದಮೇಲೆ' ಅಂದರು. ಅವರು ನಿನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೂ ಈ ಒಂದು ಮಾತು ನಾನು ಒಪ್ಪುವುದಿಲ್ಲ. ನಾನು ಮಾಡುವ ಕೆಲಸದ ಬಗ್ಗೆ ಹೇಳುತ್ತೇನೆ, ಆಮೇಲೆ ನೀನೇ ಯೋಚನೆ ಮಾಡು.

ನಾನು ಕಣ್ಣು ಕಾಣದ ಮಕ್ಕಳಿಗೆ ಪರೀಕ್ಷೆ ಬರೆಯಲು ಹೋಗುತ್ತೇನೆ ಅಂತ ನಿಮಗೆಲ್ಲ ಗೊತ್ತು. ಸ್ಕ್ರೈಬ್ ಅನ್ನುತ್ತಾರೆ. ಅವರು ಉತ್ತರ ಹೇಳುತ್ತಾರೆ, ನಾವು ಬರೆಯುತ್ತೇವೆ. ಇದು ಶುರುವಾಗಿದ್ದು ಹೇಗೆ ಅಂತ ಮಾತ್ರ ಯಾರಿಗೂ ಹೇಳಿಲ್ಲ ಅನ್ನಿಸುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರು ಕಾಲೇಜು ಮೇಷ್ಟ್ರು ಇದ್ದಾರೆ. ಒಂದು ದಿನ ತರಕಾರಿ ಗಾಡಿ ಹತ್ತಿರ ಸಿಕ್ಕಿದವರು, 'ನೀವು ಎಲ್ಲಿವರೆಗೆ ಓದಿದ್ದೀರಮ್ಮ?' ಎಂದು ಕೇಳಿದರು. ಆ ಪ್ರಶ್ನೆ ಬಂದರೆ ನನಗೆ ಮುಖ ಸಣ್ಣದಾಗುತ್ತಿತ್ತು. ಪಿಯುಸಿ ಮುಗಿಯುತ್ತಿದ್ದ ಹಾಗೇ ಮದುವೆ ಆಯಿತು, ಮುಂದೆ ಓದಲಿಲ್ಲ ಅನ್ನುವುದು ಎಷ್ಟು ವರ್ಷವಾದರೂ ಒಳಗೆ ಚುಚ್ಚುತ್ತಲೇ ಇತ್ತು. 'ಪಿಯುಸಿ ಅಷ್ಟೇ ಸರ್' ಅಂದೆ. ಅವರು, 'ಹಾಗಾದರೆ ನೀವೇ ಬೇಕು' ಅಂದುಬಿಟ್ಟರು.

ಯಾಕೆ ಅಂದರೆ ಅದಕ್ಕೊಂದು ನಿಯಮ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಕೊಟ್ಟಿದೆ. ಪರೀಕ್ಷೆ ಬರೆಯುವವರು ತಾವೇ ಸ್ಕ್ರೈಬ್ ಕರೆದುಕೊಂಡು ಬಂದರೆ, ಆ ಸ್ಕ್ರೈಬ್ ಓದಿದ್ದು ಅವರಿಗಿಂತ ಒಂದು ಮೆಟ್ಟಿಲು ಕಡಿಮೆ ಇರಬೇಕು ಅಂತ ಅದರಲ್ಲಿತ್ತು. ಬಿಎ ಹುಡುಗಿಗೆ ಪಿಯುಸಿ ಓದಿದವರು ಆಗುತ್ತದೆ, ಎಂಎ ಮಾಡಿದವರು ಆಗುವುದಿಲ್ಲ. ಉತ್ತರ ಸ್ಕ್ರೈಬ್ ತಲೆಯಿಂದ ಬರಬಾರದು ಅಂತ ಹೀಗೆ ಮಾಡಿದ್ದಾರೆ. ಊರಿನಲ್ಲಿ ಡಿಗ್ರಿ ಆದವರು ಬೇಕಾದಷ್ಟು ಜನ. ಪಿಯುಸಿಗೆ ನಿಂತವಳು, ಅಕ್ಷರ ಚೆನ್ನಾಗಿರುವವಳು, ವಾರದ ದಿನ ಬೆಳಿಗ್ಗೆ ಹತ್ತಕ್ಕೆ ಬಿಡುವಿರುವವಳು ಸಿಗುವುದೇ ಕಷ್ಟ. ಅವತ್ತು ಮನೆಗೆ ಬಂದು ಸೊಪ್ಪು ಬಿಡಿಸುತ್ತಾ ಕೂತಿದ್ದೆ, ಕಣ್ಣು ತುಂಬಿ ಬಂತು. ಏನು ಕಡಿಮೆ ಅಂದುಕೊಂಡು ಇಷ್ಟು ವರ್ಷ ಕೊರಗಿದ್ದೆನೋ ಅದನ್ನೇ ಒಬ್ಬರು ಬೇಕು ಅಂದರಲ್ಲ.

ಮೊದಲ ಪರೀಕ್ಷೆ ರಾಯಚೂರು ಕಡೆಯ ಹುಡುಗಿಗೆ. ಇಲ್ಲಿ ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿಎ ಮಾಡುತ್ತಿದ್ದಳು. ಇತಿಹಾಸದ ಪೇಪರು. ಜೋರಾಗಿ ಮಾತಾಡಬೇಕಲ್ಲ, ಹಾಗಾಗಿ ನಮ್ಮಿಬ್ಬರಿಗೆ ಬೇರೆ ಕೋಣೆ. ಒಬ್ಬರು ಮೇಲ್ವಿಚಾರಕರು ಕೂತಿದ್ದರು. ಗಂಟೆಗೆ ಕಡಿಮೆ ಅಂದರೂ 20 ನಿಮಿಷ ಹೆಚ್ಚಿಗೆ ಕೊಡಬೇಕು ಅಂತ ಅದೇ ಮಾರ್ಗಸೂಚಿಯಲ್ಲಿದೆ. ಮೂರು ಗಂಟೆಯ ಪೇಪರು ನಾಲ್ಕು ಗಂಟೆ ಆಯಿತು. ನನ್ನ ಬೆರಳಿನಲ್ಲಿ ಗುಳಿ ಬಿದ್ದಿತ್ತು.

ಆ ಹುಡುಗಿ ನನ್ನ ಜೊತೆ ಮಾತಾಡುವುದು ಅವರ ಊರಿನ ಕನ್ನಡ, ಉತ್ತರ ಹೇಳುವುದು ಪುಸ್ತಕದ ಕನ್ನಡ. 'ಅಕ್ಕಾರ, ಹೊಸಾ ಪ್ಯಾರಾ ಮಾಡ್ರಿ' ಅಂದು, ಒಂದು ಉಸಿರು ಎಳೆದುಕೊಂಡು, 'ವಿಜಯನಗರದ ಅರಸರು ನೀರಾವರಿಗೆ ಹೆಚ್ಚಿನ ಗಮನ ನೀಡಿದರು' ಅಂತ ಶುರು ಮಾಡುತ್ತಿದ್ದಳು. ಪ್ರಶ್ನೆಗಳನ್ನು ಎಲ್ಲ ಒಂದು ಸಲ ಓದಿಸಿಕೊಂಡಳು, ಅಷ್ಟೇ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಲೆಯಲ್ಲೇ ಜೋಡಿಸಿಕೊಂಡಳು. ಮಧ್ಯೆ ಮಧ್ಯೆ 'ಎಷ್ಟ್ ಪುಟ ಆದ್ವುರಿ?' ಎಂದು ಕೇಳುತ್ತಿದ್ದಳು. ಉತ್ತರ ಪತ್ರಿಕೆಯ ಹಿಂದೆ ಕೈ ಆಡಿಸಿ, ಪೆನ್ನು ಒತ್ತಿದ ಗುರುತು ಮುಟ್ಟಿ ನೋಡುತ್ತಿದ್ದಳು.

ಒಂದು ಪ್ರಶ್ನೆ ಕಿತ್ತೂರು ಚೆನ್ನಮ್ಮನ ಮೇಲಿತ್ತು. ಬ್ರಿಟಿಷರ ವಿರುದ್ಧ ಹೋರಾಟ 1842ರಲ್ಲಿ ಅಂತ ಬರೆಸಿದಳು. ಅದು 1824 ಅಂತ ನನಗೆ ಗೊತ್ತು. ಶಾಲೆಯಲ್ಲಿ ಓದಿದ್ದು ಮರೆತಿಲ್ಲ. ಪುಟ್ಟಿ, ಆ ಒಂದು ಕ್ಷಣ ನನಗೆ ಎಷ್ಟು ಕಷ್ಟವಾಯಿತು ಅಂದರೆ ಹೇಳಲಾರೆ. ಎರಡು ಅಂಕಿ ಅದಲು ಬದಲು ಮಾಡಿದರೆ ಮುಗಿಯಿತು, ಮೇಲ್ವಿಚಾರಕರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ ಅಂತ ಹೊರಗೆ ಸಹಿ ಹಾಕಿ ಬಂದಿದ್ದೆ. 1842 ಅಂತಲೇ ಬರೆದೆ.

ಇನ್ನು ಮುಕ್ಕಾಲು ಗಂಟೆ ಇರುವಾಗ ಅವಳೇ, 'ಅಕ್ಕಾರ, ಕಿತ್ತೂರಿಂದು ಇಸ್ವಿ ಏನ್ ಬರ್ಸೀನಿ, ಓದ್ರಿ' ಅಂದಳು. ಓದಿದೆ. 'ಅಯ್ಯ, ತಪ್ಪಾತ್ರಿ. 1824 ರೀ. ಹೊಡ್ದು ಹಾಕಿ ಬರೀರಿ' ಅಂದಳು. ನಾನು ತಿದ್ದಿ ಬರೆದು, ಮತ್ತೊಮ್ಮೆ ಓದಿ ಹೇಳಿದೆ. ನಾನು ಮೊದಲೇ ತಿದ್ದಿದ್ದರೆ ಆ ಉತ್ತರ ಅವಳದ್ದು ಆಗುತ್ತಿರಲಿಲ್ಲ. ಸಹಾಯ ಮಾಡಲು ಹೋದವರು ತಮ್ಮ ಕೈ ಎಲ್ಲಿಗೆ ನಿಲ್ಲಿಸಬೇಕು ಅಂತ ನಾನು ಕಲಿತಿದ್ದು ಅವತ್ತು.

ಇನ್ನೊಂದು ಸಂಗತಿ ಹೇಳಲೇಬೇಕು, ಇದು ಸ್ವಲ್ಪ ನೋವಿನದು. ಒಂದು ಸಲ ಹಾಸ್ಟೆಲ್ ವಾರ್ಡನ್ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಮಾಡಿದರು. ಸ್ಕ್ರೈಬ್ ಆಗಿ ಬರುತ್ತೇನೆ ಎಂದು ಒಪ್ಪಿಕೊಂಡಿದ್ದ ಒಬ್ಬ ಹುಡುಗ ಫೋನ್ ಎತ್ತುತ್ತಿಲ್ಲ, ಪರೀಕ್ಷೆ ಹತ್ತಕ್ಕೆ. ನಾನು ದೋಸೆಗೆ ರುಬ್ಬಲು ಹಾಕಿದ್ದೆ. ಗ್ರೈಂಡರ್ ಆರಿಸಿ, ಆಧಾರ್ ಕಾರ್ಡು ಮತ್ತು ಮಾರ್ಕ್ಸ್ ಕಾರ್ಡು ತಗೊಂಡು ಆಟೋ ಹತ್ತಿದೆ. ಹೋಗಿ ನೋಡಿದರೆ ಕಾಲೇಜಿನ ಗೇಟಿನ ಪಕ್ಕದಲ್ಲಿ ಪರೀಕ್ಷೆಗೆ ಬಂದ ಆ ಮಗು ಹಾಲ್ ಟಿಕೆಟ್ ಎರಡು ಕೈಯಲ್ಲಿ ಹಿಡಿದು ನಿಂತಿದೆ. ಆಟೋ ನಿಂತ ಸದ್ದಿಗೆಲ್ಲ ಮುಖ ತಿರುಗಿಸುತ್ತಿದೆ. ತುರ್ತು ಇದ್ದರೆ ಸ್ಕ್ರೈಬ್ ಬದಲಾಯಿಸಲು ಅವಕಾಶ ಕೊಡಬೇಕು ಅಂತ ನಿಯಮ ಇದೆ, ಅವತ್ತಿನ ಸೂಪರಿಂಟೆಂಡೆಂಟ್ ಒಳ್ಳೆಯವರು, ಬಿಟ್ಟರು. ಆದರೂ 20 ನಿಮಿಷ ಹೋಗಿತ್ತು. ಹುಡುಗಿಯ ಧ್ವನಿ ಅರ್ಧ ಪೇಪರಿನವರೆಗೂ ನಡುಗುತ್ತಲೇ ಇತ್ತು. ವರ್ಷವೆಲ್ಲ ಕೇಳಿ ಕೇಳಿ ಓದಿದ್ದು ಆ ಗಾಬರಿಯಲ್ಲಿ ನೆನಪಿಗೆ ಬರುವುದು ಹೇಗೆ, ಹೇಳು.

ಆ ಹುಡುಗ ಕೆಟ್ಟವನೇನೂ ಇರಲಿಕ್ಕಿಲ್ಲ. ಮಲಗಿಬಿಟ್ಟಿರಬಹುದು. ಅದಕ್ಕೇ ಹೇಳುತ್ತಿದ್ದೇನೆ, ನೀನು ಯಾವ ಕೆಲಸಕ್ಕಾದರೂ ಹೋಗು, ಕೆರೆ ಸ್ವಚ್ಛ ಮಾಡು, ಮಕ್ಕಳಿಗೆ ಪಾಠ ಹೇಳು, ರಕ್ತ ಕೊಡು. ಆದರೆ ತಿಂಗಳಿಗೆ ಒಂದೇ ಸಲ ಅಂತ ಹೇಳಿದರೂ ಚಿಂತೆಯಿಲ್ಲ, ಹೇಳಿದ ದಿನ ಹೇಳಿದ ಹೊತ್ತಿಗೆ ಅಲ್ಲಿ ಇರು. ಆಗುವುದಿಲ್ಲ ಅನ್ನಿಸಿದರೆ ಎರಡು ದಿನ ಮೊದಲೇ ಆಗಲ್ಲ ಅಂದುಬಿಡು. ಅವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ.

ಈಗ ನಿನ್ನ ವಿಷಯ. ನೀನು ಎಂಟೆಕ್. ಸ್ಕ್ರೈಬ್ ಆಗಿ ನಿನಗೆ ಅವಕಾಶ ಕಡಿಮೆ, ಬಹಳ ಪರೀಕ್ಷೆಗಳಿಗೆ ನಿನ್ನದು ಓದು ಜಾಸ್ತಿ ಆಯಿತು. ಬೇಜಾರಾಗಬೇಡ. ನಿನಗೆ ಆಗುವ ಕೆಲಸ ನನಗೆ ಆಗುವುದಿಲ್ಲ.

ಒಂದು, ಓದಿ ರೆಕಾರ್ಡ್ ಮಾಡುವುದು. ಬ್ರೈಲ್ ಪುಸ್ತಕ ಎಲ್ಲ ವಿಷಯಕ್ಕೂ ಸಿಗುವುದಿಲ್ಲ. ಡಿಗ್ರಿಯಲ್ಲಂತೂ ಮೇಷ್ಟ್ರ ನೋಟ್ಸು, ಜೆರಾಕ್ಸು ಇವೇ ಜಾಸ್ತಿ. ನಾನು ಮಾಡುವಾಗ ಫ್ಯಾನ್ ಆರಿಸಿ, ಕಿಟಕಿ ಹಾಕಿ, ಬೀರು ಇರುವ ಕೋಣೆಯಲ್ಲಿ ಕೂರುತ್ತೇನೆ. ಕುಕ್ಕರ್ ಕೂಗಿದರೆ ಮತ್ತೆ ಮೊದಲಿಂದ. ಪುಟದ ಸಂಖ್ಯೆ ಹೇಳಬೇಕು. ಚಿತ್ರ ಬಂದರೆ ಅದರಲ್ಲಿ ಏನಿದೆ ಅಂತ ಹೇಳಬೇಕು. ಹೆಸರುಗಳ ಕಾಗುಣಿತ ಬಿಡಿಸಿ ಹೇಳಬೇಕು, ಅವರಿಗೆ ಬರೆಸಲು ಬೇಕಾಗುತ್ತದೆ. ನಾಟಕದ ಹಾಗೆ ಓದುವುದು ಬೇಡ, ಒಂದೇ ಹದದಲ್ಲಿ ಓದಿದರೆ ಸಾಕು. ಕಾಪಿರೈಟ್ ತೊಂದರೆ ಇಲ್ಲವಾ ಅಂತ ನೀನು ಕೇಳುತ್ತೀಯ. ಅಂಗವಿಕಲರ ಓದಿಗಾಗಿ ಲಾಭವಿಲ್ಲದೆ ಹೀಗೆ ಮಾಡಿಕೊಡಬಹುದು ಅಂತ 2012ರಲ್ಲೇ ನಮ್ಮ ಕಾಯ್ದೆ ತಿದ್ದಿದ್ದಾರೆ. ಇದೇ ವಿಷಯದ ಮರಾಕೇಶ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಪ್ರಪಂಚದಲ್ಲಿ ಮೊದಲು ಅಂಗೀಕರಿಸಿದ ದೇಶವೇ ನಮ್ಮದು.

ಇನ್ನೊಂದು ನಿನ್ನ ಕಂಪ್ಯೂಟರ್ ಕೆಲಸ, ಇದು ಬಹಳ ಮುಖ್ಯ. ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿನ ಅಕ್ಷರ ಓದಿ ಹೇಳುವ ಸಾಫ್ಟ್‌ವೇರ್, ಹಾಕಿಕೊಂಡು ಕೇಳುತ್ತಾರೆ. ಎನ್‌ವಿಡಿಎ ಅಂತ ಒಂದು ಇದೆ, ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅಕ್ಷರ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ಸಂಕೇತದಲ್ಲಿ, ಇದ್ದರೆ ಮಾತ್ರ. ನಮ್ಮಲ್ಲಿ ಎಷ್ಟೋ ನೋಟ್ಸು, ಸುತ್ತೋಲೆ, ಪ್ರಶ್ನೆಪತ್ರಿಕೆ ಇನ್ನೂ ಹಳೇ ನುಡಿ ಫಾಂಟಿನಲ್ಲೇ ಇವೆ. ಕಣ್ಣಿಗೆ ಅಚ್ಚ ಕನ್ನಡ, ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ರಾಯಚೂರಿನ ಆ ಹುಡುಗಿ ಒಂದು ಸಲ ಹೆಡ್‌ಫೋನ್ ನನ್ನ ಕಿವಿಗೆ ಇಟ್ಟು ಕೇಳಿಸಿದಳು. ಎರಡು ನಿಮಿಷ ಕೇಳುವುದಕ್ಕೆ ಆಗಲಿಲ್ಲ ನನಗೆ. ಅವನ್ನು ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರ ಎಲ್ಲಿ ಕೆಟ್ಟಿದೆ ಅಂತ ಸಾಲು ಸಾಲು ನೋಡಿ ತಿದ್ದುವವರು ಬೇಕು. ನೀನು ರಾತ್ರಿ ಮನೆಯಲ್ಲಿ ಕೂತೇ ಮಾಡಬಹುದು.

ಎಲ್ಲಿ ಕೇಳಬೇಕು ಅಂದೆಯಲ್ಲ. ಬೆಂಗಳೂರಿನಲ್ಲಿ ನೀನಿರುವ ಎಚ್‌ಎಸ್‌ಆರ್ ಲೇಔಟಿನಲ್ಲೇ ಮಿತ್ರಜ್ಯೋತಿ ಅನ್ನುವ ಸಂಸ್ಥೆ ಇದೆ. ಕೇಳುವ ಪುಸ್ತಕಗಳ ಗ್ರಂಥಾಲಯ, ಬ್ರೈಲ್ ಕೆಲಸ ಎರಡೂ ಅಲ್ಲಿ ನಡೆಯುತ್ತವೆ. 1997ರಲ್ಲಿ ಶುರುವಾದ ಸಮರ್ಥನಂ ಕೂಡ ಅಲ್ಲೇ. ಕೋರಮಂಗಲದಲ್ಲಿ ಎನೇಬಲ್ ಇಂಡಿಯಾ. ಇವೂ ಅಂಗವಿಕಲರಿಗಾಗಿ ಕೆಲಸ ಮಾಡುವ ಸಂಸ್ಥೆಗಳೇ. ಮೊದಲು ಫೋನ್ ಮಾಡು. 'ನಾನು ಏನು ಮಾಡಲಿ' ಅನ್ನುವ ಮೊದಲು 'ಈಗ ನಿಮಗೆ ಏನು ಬೇಕಾಗಿದೆ' ಅಂತ ಕೇಳು. ಅವರು ಹೇಳಿದ ಕೆಲಸ ಚಿಕ್ಕದು ಅನ್ನಿಸಿದರೂ ಅಲ್ಲಿಂದಲೇ ಶುರು ಮಾಡು. ಅಲ್ಲಿ ಹೋದಾಗ ಯಾರದಾದರೂ ಕೈ ಹಿಡಿದು ಎಳೆದುಕೊಂಡು ಹೋಗಬೇಡ. ನಿನ್ನ ಮೊಣಕೈ ಕೊಡು, ಅವರು ಹಿಡಿದುಕೊಳ್ಳುತ್ತಾರೆ. ನೀನು ಅರ್ಧ ಹೆಜ್ಜೆ ಮುಂದೆ ನಡೆ. ಮೆಟ್ಟಿಲು ಬಂದರೆ ಹತ್ತುವುದಾ ಇಳಿಯುವುದಾ ಹೇಳು. 'ಪಾಪ' ಅನ್ನುವ ಮಾತು ಮನೆಯಲ್ಲೇ ಬಿಟ್ಟು ಹೋಗು, ಅವರ ಎದುರಿಗೆ ಅದು ಬೇಡ.

ಗದಗಿನ ಮಾವ ಈ ಗ್ರೂಪಿನಲ್ಲಿ ಇದ್ದಾರೆ, ಅವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಂಚಾಕ್ಷರ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣಿರಲಿಲ್ಲ. ನಾಟಕ ಕಂಪನಿ ಕಟ್ಟಿ, ಊರೂರು ತಿರುಗಿ, ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಮಾವ, ನೀವು ಅಲ್ಲಿ ಕಂಡದ್ದನ್ನು ಮಕ್ಕಳಿಗೆ ಒಂದು ದಿನ ಹೇಳಿ, ನಾನೂ ಕೇಳುತ್ತೇನೆ.

ತಮ್ಮಾ, ನಿನ್ನ ಮಗನ ಬಗ್ಗೆಯೂ ಒಂದು ಮಾತು. ಅವನು ಈಗ ಒಂಬತ್ತನೇ ಕ್ಲಾಸು ಅಲ್ವಾ? ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬರೆಯಲು ಅಂಥವರೇ ಬೇಕು. ನಮ್ಮ ಇಡೀ ಗ್ರೂಪಿನಲ್ಲಿ ಆ ಕೆಲಸಕ್ಕೆ ಆಗುವವನು ಅವನೊಬ್ಬನೇ. ಮಾರ್ಚಿನಲ್ಲಿ ಅವನ ಪರೀಕ್ಷೆಗೆ ತೊಂದರೆ ಆಗದ ಹಾಗೆ ನೋಡಿಕೊಂಡು, ಅವನಿಗೇ ಇಷ್ಟ ಇದೆಯಾ ಕೇಳು. ಇಷ್ಟ ಇದ್ದರೆ ರಜೆಯಲ್ಲಿ ನನ್ನ ಹತ್ತಿರ ಕಳಿಸು. ಹೇಳಿದ್ದನ್ನು ಕೇಳಿ ಬರೆಯುವುದು ಅಭ್ಯಾಸ ಮಾಡಿಸುತ್ತೇನೆ.

ಚಿಕ್ಕಪ್ಪನವರಿಗೂ ಒಂದು ಕೇಳಿಕೆ. ನೀವು ದಿನಾ ಬೆಳಿಗ್ಗೆ ಕಳಿಸುವ ಸುಭಾಷಿತ ಚೆನ್ನಾಗಿರುತ್ತದೆ. ನಾನು ಕೆಲವನ್ನು ರಾಯಚೂರಿನ ಆ ಹುಡುಗಿಗೆ ಕಳಿಸುತ್ತಿದ್ದೆ. ಈಗ ಅವಳು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ, ವಾರಕ್ಕೊಮ್ಮೆ ವಾಯ್ಸ್ ಮೆಸೇಜ್ ಬಂದೇ ಬರುತ್ತದೆ. ಒಂದು ದಿನ, 'ಅಕ್ಕಾರ, ಫೋಟೋದಾಗ ಬರ್ದಿದ್ದು ನನ್ ಫೋನ್ ಓದಂಗಿಲ್ರಿ, ಬರೇ ಫೋಟೋ ಅಂತದ' ಅಂದಳು. ಅಷ್ಟು ದಿನ ಕಳಿಸಿದ್ದೇನೆ, ನನಗೆ ಹೊಳೆದೇ ಇರಲಿಲ್ಲ. ನೀವು ಫೋಟೋ ಹಾಕಿದ ಮೇಲೆ ಕೆಳಗೆ ಆ ಎರಡು ಸಾಲು ಟೈಪ್ ಮಾಡಿಬಿಡಿ. ನಾನು ಅವಳಿಗೆ ಅದನ್ನೇ ಕಳಿಸುತ್ತೇನೆ.

ಪುಟ್ಟಿ, ಶನಿವಾರ ಫೋನ್ ಮಾಡಿ ವಿಚಾರಿಸು. ಏನಂದರು ಅಂತ ನನಗೆ ತಿಳಿಸು. ಭಾನುವಾರ ಬೆಳಿಗ್ಗೆ ನಾನು ಹಾಸ್ಟೆಲಿನಲ್ಲಿ ಇರುತ್ತೇನೆ, ಅರ್ಥಶಾಸ್ತ್ರದ ಎರಡು ಅಧ್ಯಾಯ ಓದಿ ಹೇಳಬೇಕು. ಹನ್ನೆರಡರ ಮೇಲೆ ಮಾಡು.