ಪದ ಬೇಕಿದೆ: ಕ್ರೀಡಾಪಟುಗಳ ‘ಸಪ್ಲಿಮೆಂಟ್’

ನಮಸ್ಕಾರ. ಓಟಗಾರರಿಗೆಂದು ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ‘ನ್ಯೂಟ್ರಿಯೆಂಟ್’ಗೆ ಪೋಷಕಾಂಶ ಇದೆ, ತಕರಾರಿಲ್ಲ. ‘ಸಪ್ಲಿಮೆಂಟ್’ಗೆ ‘ಪೂರಕ ಆಹಾರ’ ಎಂದು ಹಾಕಿದ್ದೆ. ಕರಡು ನೋಡಿದವರು, ‘ಇದು ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ತಿನ್ನಿಸುವುದಲ್ಲವೇ?’ ಎಂದು ಕೇಳಿದರು. ವಾಕ್ಯ ಹೀಗಿದೆ: ‘ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಸಪ್ಲಿಮೆಂಟ್ ತೆಗೆದುಕೊಂಡರೆ ಸ್ನಾಯುಗಳಲ್ಲಿ ಅದರ ಸಂಗ್ರಹ ಕೆಲವು ವಾರಗಳಲ್ಲಿ ತುಂಬುತ್ತದೆ.’ ಇವತ್ತೇ ಹೇಳಿದರೆ ಉಪಕಾರ.

ಮರು:
‘ಆಹಾರ ಪೂರಕ’. ಪದ ಹಿಂದುಮುಂದು ಮಾಡಿ, ಮುಗಿಯಿತು. ಇದಕ್ಕೆಲ್ಲ ಚರ್ಚೆ ಬೇಕೇ?

ಮರು: ಮರು:
ಬೇಕು. ‘ಪೂರಕ’ ಎಂಬ ಸಂಸ್ಕೃತದ ಊರುಗೋಲು ಯಾಕೆ? ‘ಕೂಡುಣಿಸು’ ಎನ್ನಿ. ಊಟದ ಜೊತೆ ಕೂಡಿಕೊಳ್ಳುವ ಉಣಿಸು. ಪಠ್ಯಪುಸ್ತಕದವರು ‘ಸಸಾರಜನಕ’, ‘ಶರ್ಕರಪಿಷ್ಟ’ ಎಂದು ಹೊರಿಸಿದ್ದರ ಫಲ ಕಣ್ಣ ಮುಂದೆಯೇ ಇದೆ. ಪರೀಕ್ಷೆ ಮುಗಿದ ಮರುದಿನ ಎಲ್ಲರೂ ಪ್ರೋಟೀನ್, ಕಾರ್ಬ್ ಎನ್ನುತ್ತಾರೆ.

ಮರು: ಮರು: ಮರು:
ಮಾತ್ರೆಯನ್ನು ಯಾರಾದರೂ ಉಣ್ಣುತ್ತಾರೆಯೇ ಸ್ವಾಮಿ? ನುಂಗುತ್ತಾರೆ.

ನನ್ನ ತಕರಾರು ‘ಪೂರಕ’ದ ಅರ್ಥದ್ದು. ಕೊರತೆ ಇದ್ದರೆ ತಾನೇ ಪೂರೈಸುವುದು? ರಕ್ತದಲ್ಲಿ ಕಬ್ಬಿಣ ಕಡಿಮೆಯಾದ ಓಟಗಾರ್ತಿಗೆ ಕಬ್ಬಿಣದ ಮಾತ್ರೆ ಪೂರಕವೇ, ಒಪ್ಪಿದೆ. ಕ್ರಿಯಾಟಿನ್ ಅನ್ನು ಮೈಯೇ ತಯಾರಿಸಿಕೊಳ್ಳುತ್ತದೆ, ಮಾಂಸ ಮೀನಿನಲ್ಲೂ ಸಿಗುತ್ತದೆ; ಇರುವ ಕಣಜವನ್ನು ಇನ್ನಷ್ಟು ತುಂಬಿಸುವ ಕೆಲಸ ಅದು. ಕೆಫೀನ್ ಕತೆಯೇ ಬೇರೆ. ಮೈತೂಕದ ಕಿಲೋಗೆ 3ರಿಂದ 6 ಮಿಲಿಗ್ರಾಂ ಎಂದು ಓಟಕ್ಕೆ ಮುಂಚೆ ನುಂಗುತ್ತಾರಲ್ಲ, ಕೆಫೀನ್ ಕೊರತೆ ಅಂತ ಯಾವ ಕಾಯಿಲೆಯಿದೆ? ಆಯಾಸದ ಸಂದೇಶ ಮಿದುಳಿಗೆ ನಾಟದಂತೆ ಅದು ತಡೆಯುತ್ತದೆ, ಅಷ್ಟೇ. ಅದನ್ನು ‘ಉತ್ತೇಜಕ’ ಎನ್ನಿ.

ಮರು: ಉತ್ತೇಜಕ ಬೇಡವೇ ಬೇಡ
ದಯವಿಟ್ಟು ಬೇಡ. ಉತ್ತೇಜಕಗಳೆಂದರೆ ವಾಡಾ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ) ನಿಷೇಧ ಪಟ್ಟಿಯ ಒಂದು ವರ್ಗ. ಕೆಫೀನ್ 2004ರಲ್ಲೇ ಆ ಪಟ್ಟಿಯಿಂದ ಹೊರಬಿತ್ತು, ಈಗ ನಿಗಾದಲ್ಲಷ್ಟೇ ಇದೆ. ಪತ್ರಿಕೆಯ ‘ಉದ್ದೀಪನ ಮದ್ದು’ ಓದಿದವರು ಎರಡನ್ನೂ ಒಂದೇ ಮಾಡಿಕೊಳ್ಳುತ್ತಾರೆ. ನಿಷೇಧಿತ ವಸ್ತು ಬೆರೆತ ಪುಡಿಯನ್ನು ತಿಳಿಯದೆ ತಿಂದರೂ ಹೊಣೆ ಆಟಗಾರನದೇ. ಇಲ್ಲಿ ಪದ ತಪ್ಪಿದರೆ ಅರ್ಥವಷ್ಟೇ ಕೆಡುವುದಿಲ್ಲ.

ಇನ್ನು ‘ಕೊರತೆ ಇದ್ದರೆ ಮಾತ್ರ ಪೂರಕ’ ಎಂಬ ವಾದ. ಪದದ ಮೂಲಾರ್ಥಕ್ಕೆ ಅಷ್ಟು ಅಂಟಿಕೊಳ್ಳಬೇಕಿಲ್ಲ. ವಿಟಮಿನ್ ಎಂಬ ಹೆಸರೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. 1912ರಲ್ಲಿ ಫಂಕ್ ಎಂಬ ವಿಜ್ಞಾನಿ ಇವೆಲ್ಲ ಜೀವಕ್ಕೆ ಬೇಕಾದ ಅಮೈನುಗಳು (ಸಾರಜನಕವಿರುವ ಒಂದು ಬಗೆಯ ರಾಸಾಯನಿಕಗಳು) ಎಂದುಕೊಂಡು ‘vitamine’ ಎಂದು ಹೆಸರಿಟ್ಟ. ಎಲ್ಲವೂ ಅಮೈನುಗಳಲ್ಲ ಎಂದು ಗೊತ್ತಾದ ಮೇಲೆ, 1920ರಲ್ಲಿ, ಇಂಗ್ಲಿಷಿನವರು ಕೊನೆಯ ‘ಇ’ ಅಕ್ಷರ ಕಿತ್ತುಹಾಕಿ ಸುಮ್ಮನಾದರು. ವ್ಯುತ್ಪತ್ತಿ ತಪ್ಪಿದ್ದಕ್ಕೆ ಯಾರ ಮಾತ್ರೆಯೂ ಕೆಲಸ ನಿಲ್ಲಿಸಲಿಲ್ಲ.

ಮರು:
ಹಾಗಾದರೆ ಇಂಗ್ಲಿಷಿನ ತಪ್ಪು ಸರಿ, ಕನ್ನಡದ ಸರಿ ತಪ್ಪು. ಒಳ್ಳೆಯ ನ್ಯಾಯ. ‘ಸಪ್ಲಿಮೆಂಟ್’ ಅಂತಲೇ ಬರೆಯಿರಿ, ಜಿಮ್ಮಿನವರು ಚಪ್ಪಾಳೆ ತಟ್ಟುತ್ತಾರೆ.

ಮರು: ಕೇಳಿದವರಿಂದ
ಎಲ್ಲರಿಗೂ ವಂದನೆ. ಅಧ್ಯಾಯದ ಹೆಸರು ‘ಆಹಾರ ಪೂರಕಗಳು’. ಒಳಗೆ ಸಾಧ್ಯವಾದಲ್ಲೆಲ್ಲ ಕ್ರಿಯಾಟಿನ್ ಪುಡಿ, ಕಬ್ಬಿಣದ ಮಾತ್ರೆ, ಕೆಫೀನ್ ಮಾತ್ರೆ ಎಂದು ವಸ್ತುವಿನ ಹೆಸರನ್ನೇ ಹಿಡಿದಿದ್ದೇನೆ. ‘ವೇ ಪ್ರೋಟೀನ್’ ಒಂದು ಉಳಿಯಿತು. ಹಾಲು ಒಡೆದಾಗ ಗಟ್ಟಿ ತೆಗೆದು ಉಳಿಯುವ ತಿಳಿನೀರಿನದು. ಏನನ್ನಲಿ?

ಮರು:
ಸಸಾರಜನಕ ಅನ್ನಬೇಡಿ. ಮಿಕ್ಕದ್ದು ನಾಳೆ.