ಪದಚರ್ಚೆ: ‘ಕೂಟಿ’ ಎಂದರೆ ಹೇನೋ, ಕೂರೆಯೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗಾಗಿ ಅಮೆರಿಕದ ಮಾಜಿ ಸೈನಿಕರ ಸಂಘಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೂರು ವಾರಗಳಿಂದ ಒಂದೇ ಹೆಸರಿನ ಬಳಿ ಬರವಣಿಗೆ ನಿಂತಿದೆ. ಆ ಹೆಸರು ‘ಮಿಲಿಟರಿ ಆರ್ಡರ್ ಆಫ್ ದ ಕೂಟಿ’. ಕನ್ನಡ ಲಿಪಿಯಲ್ಲಿ ಹೀಗೆಯೇ ಬರೆದು ಮುಂದೆ ಸಾಗಬಹುದು. ಆದರೆ ಈ ಸಂಘದ ಜೀವವೆಲ್ಲ ಹೆಸರಿನಲ್ಲೇ ಇದೆ. ಅರ್ಥವಾಗದ ಹೆಸರನ್ನು ಓದುಗರ ಕೈಗಿಟ್ಟರೆ ಉಳಿದ ಲೇಖನವೂ ಸಪ್ಪೆಯಾಗುತ್ತದೆ.

ಹಿನ್ನೆಲೆ ಇಷ್ಟು. ಹೊರದೇಶದ ಯುದ್ಧಗಳಲ್ಲಿ ಸೇವೆ ಮಾಡಿದ ಅಮೆರಿಕದ ಸೈನಿಕರಿಗೆ ‘ವೆಟರನ್ಸ್ ಆಫ್ ಫಾರಿನ್ ವಾರ್ಸ್’ ಎಂಬ ದೊಡ್ಡ ಸಂಘವಿದೆ. ಸ್ಪೇನ್ ಜೊತೆಗಿನ ಯುದ್ಧದಿಂದ ಮರಳಿದವರು 1899ರಲ್ಲಿ ಒಹಾಯೋದ ಕೊಲಂಬಸ್ ನಗರದಲ್ಲಿ ಕಟ್ಟಿದ ಸಂಘಟನೆಯಲ್ಲಿ ಅದರ ಬೇರು ಇದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಕಂದಕಗಳಿಂದ ಹಿಂದಿರುಗಿದ ಹುಡುಗರು ಅದಕ್ಕೆ ಸೇರಿದರು. 1920ರಲ್ಲಿ ವಾಷಿಂಗ್ಟನ್ನಿನಲ್ಲಿ ಅವರಲ್ಲಿ ಕೆಲವರು ಸಂಘದೊಳಗೇ ಇನ್ನೊಂದು ಪುಟ್ಟ ಸಂಘ ಹುಟ್ಟುಹಾಕಿದರು. ದೊಡ್ಡ ಸಂಘಕ್ಕಾಗಿ ಚೆನ್ನಾಗಿ ದುಡಿದವರಿಗೆ ಮಾತ್ರ ಅದರಲ್ಲಿ ಪ್ರವೇಶ. ಅಂದರೆ ಅದೊಂದು ಗೌರವ. ಆ ಗೌರವಕ್ಕೆ ಅವರು ಹುಲಿ, ಸಿಂಹ, ಗರುಡಗಳ ಹೆಸರು ಇಡಲಿಲ್ಲ. ಕಂದಕದಲ್ಲಿ ತಮ್ಮ ಬಟ್ಟೆಯೊಳಗೆ ಹರಿದಾಡಿ, ಹಗಲಿರುಳು ತಮ್ಮ ರಕ್ತ ಹೀರಿದ ಹುಳುವಿನ ಹೆಸರು ಇಟ್ಟರು.

ಆ ಹುಳುವಿಗೆ ಕನ್ನಡದಲ್ಲಿ ಏನು ಹೇಳಬೇಕು ಎಂಬುದು ನನ್ನ ಮೊದಲ ಪ್ರಶ್ನೆ.

‘ಕೂಟಿ’ ಪದ ಮಲಯ ಭಾಷೆಯ ‘ಕುತು’ ಎಂಬುದರಿಂದ ಬಂದದ್ದು ಎಂದು ಹೆಚ್ಚಿನ ನಿಘಂಟುಕಾರರು ಹೇಳುತ್ತಾರೆ. ‘ಕುತು’ ಎಂದರೆ ಹೇನು. ಫಿಲಿಪ್ಪೀನ್ಸಿನ ಟಗಾಲೊಗ್‌ನಲ್ಲಿ ಅದು ‘ಕುತೊ’, ನ್ಯೂಜಿಲೆಂಡಿನ ಮಾವೊರಿಯಲ್ಲಿ ‘ಕುತು’, ಹವಾಯಿಯಲ್ಲಿ ‘ಉಕು’. ‘ಉಕುಲೆಲೆ’ ವಾದ್ಯದ ಹೆಸರಿನ ಮೊದಲರ್ಧವೂ ಇದೇ. ಆ ಇಡೀ ಹೆಸರಿಗೆ ಹಾರುವ ಚಿಗಟ ಎಂಬ ಅರ್ಥ. ಇದನ್ನು ನೋಡಿದ ಕೂಡಲೇ ನಮ್ಮ ‘ಕುಟುಕು’ ನೆನಪಾಗುವುದು ಸಹಜ. ಆದರೆ ದಯವಿಟ್ಟು ಆ ದಾರಿ ಹಿಡಿಯಬೇಡಿ. ಸಾಗರದ ದ್ವೀಪಗಳುದ್ದಕ್ಕೂ ಹರಡಿದ ಭಾಷಾ ಕುಟುಂಬದ ಪದವದು, ನಮ್ಮ ಕುಟುಕಿಗೂ ಅದಕ್ಕೂ ಧ್ವನಿಸಾಮ್ಯದ ಹೊರತು ನಂಟಿಲ್ಲ. ಪೂರ್ವದೇಶಗಳಲ್ಲಿದ್ದ ಬ್ರಿಟಿಷ್ ಸೈನಿಕರ ಮತ್ತು ನಾವಿಕರ ಬಾಯಿಗೆ ಹತ್ತಿದ ಪದ ಯುರೋಪಿನ ಕಂದಕಗಳಿಗೆ ಬಂದು, ಅಲ್ಲಿಂದ ಅಮೆರಿಕದವರ ಪಾಲಾಯಿತು.

ಮಲಯ ಭಾಷೆಯಲ್ಲಿ ‘ಕುತು’ ತಲೆಯ ಹೇನಿಗೂ ಸಲ್ಲುತ್ತದೆ. ಕಂದಕದ ‘ಕೂಟಿ’ಗೆ ಮಾತ್ರ ಅರ್ಥ ಕಿರಿದಾಯಿತು. ಅದು ಬಟ್ಟೆಯ ಹೇನು. ತಲೆಗೂದಲಲ್ಲಿ ವಾಸಿಸುವುದಿಲ್ಲ, ಅಂಗಿ, ಚಡ್ಡಿ, ಕಂಬಳಿಗಳ ಹೊಲಿಗೆಯ ಸಂದಿಯಲ್ಲಿ ಅಡಗಿ, ಅಲ್ಲೇ ಮೊಟ್ಟೆಯಿಟ್ಟು, ಹಸಿವಾದಾಗ ಮೈಮೇಲೆ ಬರುತ್ತದೆ. ಟೈಫಸ್ ಜ್ವರ ಹರಡುವುದು ಇದರಿಂದಲೇ ಎಂದು ಫ್ರೆಂಚ್ ವೈದ್ಯವಿಜ್ಞಾನಿ ಶಾರ್ಲ್ ನಿಕೋಲ್ 1909ರಲ್ಲಿ ಟ್ಯೂನಿಸ್‌ನಲ್ಲಿ ತೋರಿಸಿದ್ದರು. ‘ಕಂದಕ ಜ್ವರ’ವೂ ಇದರದೇ ಕೊಡುಗೆ ಎಂದು ಯುದ್ಧದ ಕೊನೆಯ ವರ್ಷದಲ್ಲಿ ಖಚಿತವಾಯಿತು.

ಈಗ ಕನ್ನಡಕ್ಕೆ ಬರುತ್ತೇನೆ. ಹೇನು ಎಂದರೆ ನಮಗೆ ತಲೆಯ ಹೇನು. ಅದರ ಮೊಟ್ಟೆ ಸೀರು, ಅದನ್ನು ತೆಗೆಯುವ ಒತ್ತುಹಲ್ಲಿನ ಬಾಚಣಿಗೆ ಸೀರಣಿಗೆ. ಬಟ್ಟೆಯ ಹೇನಿಗೆ ನನ್ನ ಅಜ್ಜಿ ಬೇರೆಯದೇ ಪದ ಬಳಸುತ್ತಿದ್ದರು, ಅದು ಕೂರೆ. ಮಳೆಗಾಲದಲ್ಲಿ ಒಣಗದೆ ಮುಗ್ಗಲು ಹಿಡಿದ ಕಂಬಳಿಯನ್ನು ನಮ್ಮ ಕೈಗೆ ಕೊಡದೆ, “ಕೂರೆ ಆಗಿರುತ್ತದೆ, ಮೊದಲು ಕುದಿಯುವ ನೀರಿಗೆ ಹಾಕಿ” ಎನ್ನುತ್ತಿದ್ದರು. “ಕೂರೆಗೆ ಹೆದರಿ ಸೀರೆ ಬಿಸಾಡುತ್ತಾರೆಯೇ?” ಎಂಬುದು ಅವರ ಬಾಯಲ್ಲಿ ಸದಾ ಇದ್ದ ಮಾತು. ಈ ಮಾತಿನಲ್ಲಿ ಪ್ರಾಸದ ಜೊತೆಗೆ ಸಾಕ್ಷ್ಯವೂ ಇದೆ: ಕೂರೆ ಇರುವುದು ತಲೆಯಲ್ಲಲ್ಲ, ಸೀರೆಯಲ್ಲಿ. ಆದ್ದರಿಂದ ‘ಕೂಟಿ’ಗೆ ‘ಕೂರೆ’ಯೇ ಸರಿ ಎಂಬುದು ನನ್ನ ನಿಲುವು. ‘ಹೇನು’ ಎಂದರೆ ಶಾಲೆಯ ಮಕ್ಕಳ ತಲೆ ನೆನಪಾಗುತ್ತದೆ. ಕೆಸರಿನಲ್ಲಿ ವಾರಗಟ್ಟಲೆ ಒಂದೇ ಅಂಗಿಯಲ್ಲಿ ಕುಳಿತ ಸೈನಿಕ ಕಣ್ಣಿಗೆ ಬರುವುದಿಲ್ಲ.

ಲೇಖನದ ಕರಡು ಓದಿದ ಗೆಳೆಯರೊಬ್ಬರು ‘ಮೈಲಿಗೆ’ ಎಂಬ ಪದ ಸೂಚಿಸಿದರು. ಇಂದಿನ ಅಮೆರಿಕದ ಮಕ್ಕಳು ಆಟದಲ್ಲಿ ಒಬ್ಬರನ್ನೊಬ್ಬರು ಮುಟ್ಟಿ “ನಿನಗೆ ಕೂಟಿ ಅಂಟಿತು” ಎಂದು ಓಡುವುದನ್ನು ಅವರು ಕಂಡಿದ್ದಾರೆ. ಆ ಸಲಹೆಯನ್ನು ನಾನು ಒಪ್ಪಲಾರೆ. ಮೈಲಿಗೆ ಎಂಬ ಪದ ನಮ್ಮಲ್ಲಿ ಮನುಷ್ಯರನ್ನು ಮನುಷ್ಯರಿಂದ ದೂರವಿಟ್ಟ ಪದ. ಕೂರೆಯಾದರೋ ಅಧಿಕಾರಿ, ಸಿಪಾಯಿ ಎನ್ನದೆ ಎಲ್ಲರನ್ನೂ ಕಚ್ಚಿತು. ಆ ಸಮಾನ ಸಂಕಟವನ್ನು ನೆನೆದೇ ಈ ಹೆಸರು ಹುಟ್ಟಿದ್ದು.

ಎರಡನೆಯ ತೊಡಕು ‘ಆರ್ಡರ್’. ಯಂತ್ರಾನುವಾದಕ್ಕೆ ಕೊಟ್ಟರೆ ‘ಮಿಲಿಟರಿ ಆದೇಶ’ ಎಂದೇ ಬರುತ್ತದೆ, ಅದು ಪೂರ್ತಿ ತಪ್ಪು. ಇಲ್ಲಿನ ಆರ್ಡರ್ ಹಿಂದಿನ ಕಾಲದ ಯುರೋಪಿನ ವೀರರ ದೀಕ್ಷಾಬದ್ಧ ಸಂಘಗಳ ನೆರಳು. ಒಳಬರಲು ವಿಧಿ ಉಂಟು, ಮೆಟ್ಟಿಲು ಮೆಟ್ಟಿಲಾಗಿ ಪದವಿಗಳು ಉಂಟು. ‘ಪಂಥ’ ಎಂದರೆ ಧರ್ಮದ ವಾಸನೆ, ‘ಗಣ’ ಎಂದರೆ ಶಿವನ ಪರಿವಾರ, ‘ಪಡೆ’ ಎಂದರೆ ಇನ್ನೂ ಯುದ್ಧಕ್ಕೆ ಹೊರಟಿರುವವರು. ತಿರುತಿರುಗಿ ‘ಕೂಟ’ಕ್ಕೇ ಬಂದೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಕನ್ನಡಿಗರು ತಮ್ಮ ಸಂಘವನ್ನು ಕೂಟವೆಂದೇ ಕರೆದುಕೊಂಡಿದ್ದಾರೆ. ಊಟ, ನಗು, ನೆನಪುಗಳಿಗೆ ಒಗ್ಗಿದ ಪದ ಅದು. ‘ಸೈನಿಕ ಕೂರೆಕೂಟ’ ಎಂದು ಮೊದಲ ಸಲ ಬರೆದಾಗ ನನಗಾದ ಸಂತೋಷ ಹೇಳತೀರದು. ‘ಕೂಟಿ’ಯ ಧ್ವನಿಯೂ ಅದರಲ್ಲಿ ಅರ್ಧ ಉಳಿದಿದೆ.

ಇನ್ನು ಒಳಗಿನ ಪದಗಳು. ಊರಿನ ಘಟಕಕ್ಕೆ ಅವರು ಇಟ್ಟ ಹೆಸರು ಇಬ್ಬರು ಸಿಪಾಯಿಗಳು ಮಲಗುವ ಪುಟ್ಟ ಗುಡಾರದ್ದು. ಸಭೆಯ ಹೆಸರು ‘ಸ್ಕ್ರ್ಯಾಚ್’. ಇದಕ್ಕೆ ‘ತುರಿಕೆ’ ಎನ್ನಬೇಡಿ, ತುರಿಕೆ ಬಾಧೆ. ಇಲ್ಲಿ ಬೇಕಿರುವುದು ಬಾಧೆಗೆ ಮನುಷ್ಯ ಮಾಡುವ ಕೆಲಸ, ಅಂದರೆ ‘ಕೆರೆತ’. ‘ತೀಟೆ’ ಎಂದರೆ ಅರ್ಥ ಇನ್ನೆಲ್ಲಿಗೋ ಜಾರುತ್ತದೆ. ರಾಷ್ಟ್ರಮಟ್ಟದ ಸಮಾವೇಶಕ್ಕೆ ‘ಪರಮ ಕೆರೆತ’ ಎಂದು ಬರೆದಿದ್ದೇನೆ.

ಘಟಕದ ಮುಖ್ಯಸ್ಥನ ಬಿರುದು ‘ಸೀಮ್ ಸ್ಕ್ವಿರಲ್’. ಪದಶಃ ಹೊಲಿಗೆಯ ಅಳಿಲು. ಸೈನಿಕರ ಆಡುಮಾತಿನಲ್ಲಿ ಅದೂ ಕೂರೆಯೇ. ಕನ್ನಡದಲ್ಲಿ ಅಳಿಲು ಎಂದ ತಕ್ಷಣ ಸೇತುವೆಗೆ ಮರಳು ಹೊತ್ತ ಅಳಿಲು ಬಂದು ನಿಲ್ಲುತ್ತದೆ. ಮೂಲದಲ್ಲಿಲ್ಲದ ಅರ್ಥ ತರಬಾರದು ಎಂದು ಮೊದಲು ಹಿಂಜರಿದೆ. ಆದರೆ ಈ ಕೂಟದ ಮುಖ್ಯ ಕೆಲಸವನ್ನು ನೆನೆದಾಗ ಹಿಂಜರಿಕೆ ಹೋಯಿತು. ಇವರು ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಹೋಗಿ, ಹಾಸಿಗೆ ಹಿಡಿದವರ ಪಕ್ಕ ಕುಳಿತು ನಗಿಸುತ್ತಾರೆ. ‘ಬಿಳಿಯ ಹಾಸಿಗೆಯಲ್ಲಿ ಇರುವವರ ನಗು ಉಳಿಸಿ’ ಎಂಬುದು ಅವರ ಘೋಷವಾಕ್ಯದ ತಿರುಳು. ಅಳಿಲು ಸೇವೆ ಎಂಬ ಮಾತಿಗೆ ಇದಕ್ಕಿಂತ ತಕ್ಕ ಉದಾಹರಣೆ ಎಲ್ಲಿದೆ?

ಲೆಕ್ಕ ನೋಡುವವನು ‘ಟೈಟ್ ವಾಡ್’. ಇಲ್ಲಿ ಕಷ್ಟವೇ ಇಲ್ಲ, ‘ಜುಗ್ಗ’ ಎಂದರಾಯಿತು. ‘ಜಿಪುಣ’ನಿಗಿಂತ ಜುಗ್ಗನಲ್ಲಿ ಸಲುಗೆ ಹೆಚ್ಚು. ‘ಶರ್ಟ್ ರೀಡರ್’ ಎಂಬ ಬಿರುದು ನನಗೆ ಎಲ್ಲಕ್ಕಿಂತ ಇಷ್ಟ. ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ, ಕಣ್ಣ ಹತ್ತಿರ ಹಿಡಿದು, ಹೊಲಿಗೆಯ ಸಾಲು ಸಾಲನ್ನೂ ಹುಡುಕುವುದನ್ನು ಸೈನಿಕರು ಅಂಗಿ ಓದುವುದು ಎನ್ನುತ್ತಿದ್ದರು. ‘ಅಂಗಿ ಓದುಗ’ ಎಂದು ನೇರವಾಗಿ ಬರೆದಿದ್ದೇನೆ, ಕನ್ನಡದಲ್ಲೂ ಚಿತ್ರ ಕಟ್ಟುತ್ತದೆ.

ಪಾದ್ರಿಯ ಬಿರುದು ‘ಸ್ಕೈ ಪೈಲಟ್’. ಇದನ್ನು ‘ವಿಮಾನ ಚಾಲಕ’ ಎಂದವರು ಮೋಸಹೋಗುತ್ತಾರೆ. ಈ ಪದ ವಿಮಾನಕ್ಕಿಂತ ಹಳೆಯದು, ಹಡಗಿನವರ ನಡುವೆ ಬಳಕೆಯಲ್ಲಿದ್ದದ್ದು. ಪೈಲಟ್ ಎಂದರೆ ಬಂದರಿನ ಬಾಯಲ್ಲಿ ಹಡಗಿಗೆ ದಾರಿ ತೋರಿಸುವವನು. ‘ಬಾನಂಬಿಗ’ ಹೇಗೆ? ದಾಸರು ದೇವರನ್ನೇ ಅಂಬಿಗನೆಂದು ಕರೆದ ಭಾಷೆ ನಮ್ಮದು, ಓದುಗರಿಗೆ ತಟ್ಟನೆ ಹೊಳೆಯಬಹುದು.

ಇದೇ 1920ರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮತ್ತೊಂದು ಸಂಘದೊಳಗೆ ‘ನಲವತ್ತು ಮತ್ತು ಎಂಟು’ ಎಂಬ ವಿನೋದ ಕೂಟವೂ ಫಿಲಡೆಲ್ಫಿಯಾದಲ್ಲಿ ಹುಟ್ಟಿತು. ಸೈನಿಕರನ್ನು ಸಾಗಿಸಿದ ಫ್ರೆಂಚ್ ಗೂಡ್ಸ್ ಡಬ್ಬಿಗಳ ಮೇಲೆ ‘40 ಜನ, 8 ಕುದುರೆ’ ಎಂದು ಬರೆದಿರುತ್ತಿತ್ತು, ಹೆಸರು ಅಲ್ಲಿಂದ. ಅದರ ಪದಗಳೆಲ್ಲ ರೈಲಿನವು: ಸ್ಥಳೀಯ ಘಟಕ ಒಂದು ‘ಡಬ್ಬಿ’, ಅದರ ಮುಖಂಡ ‘ಸ್ಟೇಷನ್ ಮಾಸ್ಟರ್’, ಸದಸ್ಯರು ‘ಪ್ರಯಾಣಿಕರು’, ಎಲ್ಲವೂ ಫ್ರೆಂಚಿನಲ್ಲಿ. ಅನುವಾದಕ್ಕೆ ಸುಲಭ. ಆದರೆ ಆ ಡಬ್ಬಿಗೆ ಬಿಳಿಯರಲ್ಲದವರು ಹತ್ತುವಂತಿರಲಿಲ್ಲ. ಈ ನಿಯಮದ ಜಗಳದಲ್ಲೇ 1959-60ರಲ್ಲಿ ಅದು ಮಾತೃಸಂಘದಿಂದ ಬೇರೆಯಾಯಿತು. ನಿಯಮ ಹೋದದ್ದು 1973ರಲ್ಲಿ. ಲೇಖನದಲ್ಲಿ ಇದನ್ನು ಬಿಡದೆ ಬರೆಯುತ್ತೇನೆ. ಯುದ್ಧಕ್ಕೆ ಹೋದವರಲ್ಲಿ ಕರಿಯ ಸೈನಿಕರೂ ಇದ್ದರು, ಅವರ ಅಂಗಿಯಲ್ಲೂ ಕೂರೆ ಇತ್ತು.

ಕೊನೆಗೆ ನನ್ನ ಕೋರಿಕೆಗಳು. ನಿಮ್ಮ ಸೀಮೆಯಲ್ಲಿ ‘ಕೂರೆ’ ಇನ್ನೂ ಬಳಕೆಯಲ್ಲಿದೆಯೇ? ಬಟ್ಟೆಯ ಹೇನಿಗೇ ಹೇಳುತ್ತಾರೋ, ದನ, ನಾಯಿ, ಕೋಳಿಗಳ ಮೈಯ ಹುಳುವಿಗೂ ಹೇಳುತ್ತಾರೋ? ಹಡಗು ಹತ್ತುವ ಮೊದಲು ಸೈನಿಕರ ಬಟ್ಟೆಯನ್ನು ಆವಿಯಲ್ಲಿ ಬೇಯಿಸಿ ಕೂರೆ ಕೊಲ್ಲುತ್ತಿದ್ದರು. ಅದಕ್ಕೆ ಮಡಿವಾಳರ ‘ಉಬ್ಬೆ’ ಪದವನ್ನು ಬಳಸಿದ್ದೇನೆ. ಉಬ್ಬೆ ಹಾಕುವುದನ್ನು ಕಣ್ಣಾರೆ ಕಂಡವರು ಸರಿಯೋ ತಪ್ಪೋ ತಿಳಿಸಿ. ‘ಬ್ಲಾಂಕೆಟ್ ಬಮ್’ ಎಂಬ ಬಿರುದಿಗೆ ‘ಕಂಬಳಿ ಅಲೆಮಾರಿ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಂಬಳಿ ಹೊದ್ದು ಬಿದ್ದುಕೊಂಡಿರುವ ಸೋಮಾರಿಗೆ ನಿಮ್ಮ ಕಡೆ ಒಂದೇ ಪದವಿದ್ದರೆ ಕಳುಹಿಸಿ. ಸಂಚಿಕೆ ಮುದ್ರಣಕ್ಕೆ ಹೋಗಲು ಇನ್ನು ಹತ್ತು ದಿನವಿದೆ.